ತಿಂಗಳು ತುಂಬದ ಮಗುವಿಗೆ ‘ಕಿಡ್ನಿ ಸ್ವಲ್ಪ ಡಲ್’ ಅಂತಾರೆ, ಯಾಕೆ ಹೀಗಾಗುತ್ತದೆ?

ಕುಂಬಳೆ_ಅಪ್ಪ
ನಮಸ್ಕಾರ. ಈ ಗುಂಪಿನಲ್ಲಿ ನಾನು ಅಡಿಕೆ ರೇಟು ಬಿಟ್ಟರೆ ಬೇರೇನೂ ಕೇಳಿದವನಲ್ಲ. ಇವತ್ತು ಬೇರೆ ವಿಷಯ.

ನಮ್ಮ ಮಗ ಹುಟ್ಟಿ ಇವತ್ತಿಗೆ ಹನ್ನೊಂದು ದಿನ. 28 ವಾರಕ್ಕೇ ಹೊರಗೆ ಬಂದ. ತೂಕ 1,060 ಗ್ರಾಂ. ಮಂಗಳೂರಿನ ಒಂದು ಆಸ್ಪತ್ರೆಯ ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಅಂದರೆ ಎನ್‌ಐಸಿಯುನಲ್ಲಿ ಇದ್ದಾನೆ. ಹೆಂಡತಿ ಸಿಸೇರಿಯನ್ ಆಗಿ ಕುಂಬಳೆಯಲ್ಲಿ ತವರಿನಲ್ಲಿದ್ದಾಳೆ. ನಾನು ದಿನಾ ಬೆಳಿಗ್ಗೆ ರೈಲಿನಲ್ಲಿ ಅವಳ ಹಾಲು ಐಸ್ ಡಬ್ಬಿಯಲ್ಲಿ ತೆಗೆದುಕೊಂಡು ಹೋಗುತ್ತೇನೆ.

ಮೊನ್ನೆಯವರೆಗೆ ಪರವಾಗಿಲ್ಲ ಅನ್ನುತ್ತಿದ್ದರು. ನಿನ್ನೆ ಡ್ಯೂಟಿ ಡಾಕ್ಟರ್ ಹೊರಗೆ ಬಂದು, “ಕಿಡ್ನಿ ಸ್ವಲ್ಪ ಡಲ್ ಆಗಿದೆ, ಕ್ರಿಯಾಟಿನಿನ್ 0.9 ಇದ್ದದ್ದು 1.8 ಆಗಿದೆ, ಮೂತ್ರ ಕಡಿಮೆ” ಅಂದು ಒಳಗೆ ಹೋದರು. ಅಷ್ಟೇ. ಎರಡು ನಿಮಿಷವೂ ಇಲ್ಲ. ಡಲ್ ಅಂದರೆ ಎಂತ? ಬಲ್ಬಾ ಅದು?

ಮನೆಯಲ್ಲಿ ಬೇರೆಯೇ ಗಲಾಟೆ. ಇವಳು ಆರನೇ ತಿಂಗಳಲ್ಲಿ ಹಲ್ಲುನೋವಿಗೆ ಎರಡು ಮಾತ್ರೆ ನುಂಗಿದ್ದಳು. “ಅದರಿಂದಲೇ ಆದದ್ದು” ಅಂತ ನನ್ನ ಅಮ್ಮ. ಅವಳು ಕೂತಲ್ಲೇ ಅಳುತ್ತಾಳೆ. ಗೊತ್ತಿದ್ದವರು ಹೇಳಿ, ಇದು ಯಾಕೆ ಆಗುತ್ತದೆ?

ಬದಿಯಡ್ಕ_ಭಾವ
ಮೊದಲು ನಿಮ್ಮ ಅಮ್ಮನಿಗೆ ಎರಡು ದಿನ ಮಾತಾಡಬೇಡಿ ಅಂತ ಹೇಳಿ ಮಾರಾಯ್ರೇ. ಉಳಿದದ್ದು ಆಮೇಲೆ.

ಉಪ್ಪಳದ_ಅವಳಿಅಮ್ಮ
ತಮ್ಮಾ, ನಾನು ಆ ವಾರ್ಡಿನ ಹೊರಗಿನ ಬೆಂಚಿನಲ್ಲಿ 47 ದಿನ ಕೂತವಳು. 30 ವಾರಕ್ಕೆ ಅವಳಿ. ಒಬ್ಬಳಿಗೆ ಕಿಡ್ನಿಯದ್ದೇ ತೊಂದರೆ ಆಗಿತ್ತು. ಈಗ ಎರಡನೇ ಕ್ಲಾಸ್, ಶಾಲೆಗೆ ಹೋಗಲು ಹಠ. ವಿವರ ಆಮೇಲೆ ಬರೆಯುತ್ತೇನೆ, ಒಲೆ ಮೇಲೆ ಗಂಜಿ ಉಂಟು.

ಮಂಜೇಶ್ವರ_ಸಿಸ್ಟರ್
ನಾನು ನವಜಾತ ಶಿಶುಗಳ ವಾರ್ಡಿನಲ್ಲೇ ಕೆಲಸ ಮಾಡುವುದು. ನಿಮ್ಮ ಆಸ್ಪತ್ರೆಯಲ್ಲಿ ಅಲ್ಲ. ಕ್ರಿಯಾಟಿನಿನ್ ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ, ಅದು ಏರಿದರೆ ಕಿಡ್ನಿ ಸರಿ ಸೋಸುತ್ತಿಲ್ಲ ಅಂತ. ಮೂರು ಪ್ರಶ್ನೆಗೆ ಉತ್ತರ ಕೊಡಿ ಅಣ್ಣ. 24 ಗಂಟೆಯಲ್ಲಿ ಮೂತ್ರ ಎಷ್ಟು ಮಿಲಿ? ಇವತ್ತಿನ ತೂಕ ಎಷ್ಟು? ಈವರೆಗೆ ಯಾವ ಯಾವ ಇಂಜೆಕ್ಷನ್ ಕೊಟ್ಟಿದ್ದಾರೆ? ಕೇಳಲು ಹೆದರಬೇಡಿ. ಸಿಸ್ಟರ್ ಕೈಯಲ್ಲಿ ಚಾರ್ಟ್ ಇರುತ್ತದೆ, ಡಾಕ್ಟರಿಗಾಗಿ ಕಾಯಬೇಕು ಅಂತ ಇಲ್ಲ.

ನೀರ್ಚಾಲು_ಅಜ್ಜಿಮನೆ
ಮೂತ್ರ ಸರಿ ಹೋಗುವುದಿಲ್ಲ ಅಂದರೆ ಸೀಯಾಳಕ್ಕಿಂತ ಒಳ್ಳೆಯ ಮದ್ದು ಇಲ್ಲ. ನಮ್ಮ ಅಜ್ಜಿ ಹತ್ತಿ ಅದ್ದಿ ಎರಡು ಹನಿ ಮಗುವಿನ ಬಾಯಿಗೆ ಬಿಡುತ್ತಿದ್ದರು. ಬಾರ್ಲಿ ನೀರೂ ಆಗುತ್ತದೆ.

ಮಂಜೇಶ್ವರ_ಸಿಸ್ಟರ್
ಅಯ್ಯೋ ಬೇಡ! ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಸೀಯಾಳದಲ್ಲಿ ಪೊಟ್ಯಾಶಿಯಂ ಜಾಸ್ತಿ, 100 ಮಿಲಿಯಲ್ಲಿ ಹೆಚ್ಚುಕಡಿಮೆ 200 ಮಿಲಿಗ್ರಾಂ. ಕಿಡ್ನಿ ಕೆಲಸ ಮಾಡದಿದ್ದಾಗ ಅದು ಹೊರಗೆ ಹೋಗುವುದಿಲ್ಲ, ರಕ್ತದಲ್ಲಿ ಏರುತ್ತದೆ. ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಒಂದು ಕಿಲೋ ಮಗುವಿಗೆ ಹನಿ ಲೆಕ್ಕವೂ ಲೆಕ್ಕವೇ. ಬಾಯಿಗೆ ಹೋಗುವುದು ಅಮ್ಮನ ಹಾಲು ಮಾತ್ರ, ಅದೂ ವಾರ್ಡಿನವರು ಹೇಳಿದಷ್ಟು.

ನೀರ್ಚಾಲು_ಅಜ್ಜಿಮನೆ
ದೊಡ್ಡವರಿಗೆ ಆಗುವುದು ಮಕ್ಕಳಿಗೆ ಆಗದೆ ಇರುತ್ತದಾ? ನನಗೆ ಗೊತ್ತಿರಲಿಲ್ಲ. ಬಿಡಿ, ಕೇಳಿದ್ದು ಒಳ್ಳೆಯದಾಯಿತು.

ಕುಂಬಳೆ_ಅಪ್ಪ
ಸಿಸ್ಟರ್ ಅಕ್ಕಾ, ಕೇಳಿಕೊಂಡು ಬಂದೆ. ನಿನ್ನೆ ಇಡೀ ದಿನ 19 ಮಿಲಿ. ತೂಕ ಎಂಟನೇ ದಿನ 1,000 ಇದ್ದದ್ದು ಇವತ್ತು 1,130. ತೂಕ ಏರಿತು ಅಂತ ನಾನು ಖುಷಿಯಲ್ಲಿ ಇವಳಿಗೆ ಫೋನ್ ಮಾಡಿದ್ದೆ, ಅದು ನೀರು ತುಂಬಿದ್ದಂತೆ. ಕಣ್ಣಿನ ರೆಪ್ಪೆ ಊದಿದೆ. ಇಂಜೆಕ್ಷನ್: ನಾಲ್ಕನೇ ದಿನ ಹೃದಯದ ಹತ್ತಿರ ಒಂದು ನಾಳ ಮುಚ್ಚಿಲ್ಲ ಅಂತ ಐಬುಪ್ರೊಫೇನ್. ಏಳನೇ ದಿನ ಇನ್‌ಫೆಕ್ಷನ್, ಬಿಪಿ ಇಳಿದಿತ್ತು, ಆಗ ಅಮಿಕಾಸಿನ್ ಮತ್ತು ವ್ಯಾಂಕೋಮೈಸಿನ್. ಮತ್ತೆ ಕೆಫೀನ್. ಅದು ಕಾಫಿಯದ್ದೇ ಕೆಫೀನಾ?

ಮೂತ್ರ ಅಳೆಯುವುದನ್ನು ನೋಡಿದೆ. ಸಿಸ್ಟರ್ ಪುಟ್ಟ ಡಯಾಪರನ್ನು ಅಕ್ಕಸಾಲಿಗರ ತಕ್ಕಡಿಯಂಥ ಮೆಷಿನ್ ಮೇಲೆ ಇಟ್ಟರು. ಒಣಗಿದ್ದು 11 ಗ್ರಾಂ, ಒದ್ದೆಯದ್ದು 13. ಎರಡು ಗ್ರಾಂ ಅಂದರೆ ಎರಡು ಮಿಲಿ ಅಂತೆ. ಮೂರು ಗಂಟೆಗೆ ಎರಡು ಮಿಲಿ.

ಮುಳ್ಳೇರಿಯ_ಪಿಜಿ
ನಾನು ಮಕ್ಕಳ ವಿಭಾಗದಲ್ಲಿ ಪಿಜಿ ಮಾಡುತ್ತಿರುವವನು. ನಿಮ್ಮ ಮಗುವನ್ನು ನಾನು ನೋಡಿಲ್ಲ, ಚಿಕಿತ್ಸೆ ಹೇಳುವುದಿಲ್ಲ. ಯಾಕೆ ಆಗುತ್ತದೆ ಅನ್ನುವುದನ್ನು ಮಾತ್ರ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಲೆಕ್ಕ ಮೊದಲು. ಇಂಥ ಮಕ್ಕಳಿಗೆ ಗಂಟೆಗೆ ಕಿಲೋ ಒಂದಕ್ಕೆ 1 ಮಿಲಿಯಾದರೂ ಮೂತ್ರ ಬರಬೇಕು. ನಿಮ್ಮವನಿಗೆ ದಿನಕ್ಕೆ ಸುಮಾರು 25 ಮಿಲಿ. 19 ಬಂದಿದೆ, ಅಂದರೆ ಮುಕ್ಕಾಲು. ಕ್ರಿಯಾಟಿನಿನ್ ಹಿಂದಿನದ್ದಕ್ಕಿಂತ ಒಂದೂವರೆ ಪಟ್ಟು ಏರಿದರೆ ಕಿಡ್ನಿಗೆ ಪೆಟ್ಟು ಬಿದ್ದಿದೆ ಅಂತ ಹಿಡಿಯುತ್ತೇವೆ. ನಿಮ್ಮಲ್ಲಿ ಎರಡು ಪಟ್ಟು. ಮೂರು ಹಂತಗಳಲ್ಲಿ ಎರಡನೆಯದು. ಕಡೆಗಣಿಸುವಂಥದ್ದಲ್ಲ, ಕೈ ಚೆಲ್ಲುವಂಥದ್ದೂ ಅಲ್ಲ.

ಈಗ ಕಾರಣ. ಕಿಡ್ನಿಯಲ್ಲಿ ರಕ್ತ ಸೋಸುವ ಸಣ್ಣ ಘಟಕಗಳು ಇರುತ್ತವೆ, ನೆಫ್ರಾನ್. ಒಂದೊಂದು ಕಿಡ್ನಿಯಲ್ಲಿ ಸರಾಸರಿ ಹತ್ತು ಲಕ್ಷ. ಅದರಲ್ಲಿ ನೂರಕ್ಕೆ ಸುಮಾರು 60 ಹುಟ್ಟುವುದು ಬಸಿರಿನ ಕೊನೆಯ ಮೂರು ತಿಂಗಳಲ್ಲಿ. 34ರಿಂದ 36 ವಾರಕ್ಕೆ ಆ ಕೆಲಸ ಮುಗಿಯುತ್ತದೆ, ಆಮೇಲೆ ಜನ್ಮದಲ್ಲಿ ಒಂದೂ ಹೊಸತು ಬರುವುದಿಲ್ಲ. 28 ವಾರಕ್ಕೆ ಹುಟ್ಟಿದವನ ಕಿಡ್ನಿ ಅಂದರೆ ಮಾಡು ಹಾಕದ ಮನೆ. ಹೊರಗೆ ಬಂದ ಮೇಲೂ ಕೆಲವು ವಾರ ಕಟ್ಟುವ ಕೆಲಸ ನಡೆಯುತ್ತದೆ, ಆದರೆ ಹೊಟ್ಟೆಯೊಳಗಿನ ಹಾಗಲ್ಲ. ಅದರ ಮೇಲೆ ಮಳೆ ಸುರಿದ ಹಾಗೆ ಒಂದೊಂದೇ ಬಂತು.

ಆ ತೆರೆದ ನಾಳ ರಕ್ತವನ್ನು ಶ್ವಾಸಕೋಶದ ಕಡೆ ಎಳೆಯುತ್ತದೆ, ಹೊಟ್ಟೆಗೆ ಮತ್ತು ಕಿಡ್ನಿಗೆ ಹೋಗುವುದು ಕಡಿಮೆಯಾಗುತ್ತದೆ. ಅದನ್ನು ಮುಚ್ಚಲು ಐಬುಪ್ರೊಫೇನ್ ಕೊಟ್ಟರು. ಆ ಮದ್ದು ತಡೆಯುವ ವಸ್ತುವೇ ಕಿಡ್ನಿಯ ಒಳಗಿನ ರಕ್ತನಾಳವನ್ನೂ ತೆರೆದಿಡುವುದು. ನಾಳ ಮುಚ್ಚುತ್ತದೆ, ಜೊತೆಗೆ ಕಿಡ್ನಿಗೂ ಬಿಗಿಯಾಗುತ್ತದೆ. ನಂತರ ಇನ್‌ಫೆಕ್ಷನ್, ಬಿಪಿ ಇಳಿತ. ಅದಕ್ಕೆ ಅಮಿಕಾಸಿನ್. ಅದು ಕಿಡ್ನಿಯ ಕೊಳವೆಗಳ ಜೀವಕೋಶದೊಳಗೆ ಸೇರಿಕೊಂಡು ಕೂರುವ ಮದ್ದು. ಜೊತೆಗೆ ವ್ಯಾಂಕೋಮೈಸಿನ್ ಇದ್ದರೆ ಭಾರ ಇನ್ನೂ ಜಾಸ್ತಿ.

ಮಾತ್ರೆಯ ವಿಷಯ. 20 ವಾರ ದಾಟಿದ ಮೇಲೆ ಬಸುರಿಯರು ಐಬುಪ್ರೊಫೇನ್ ಜಾತಿಯ ನೋವಿನ ಮಾತ್ರೆ ಬಿಡಬೇಕು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಎಚ್ಚರಿಕೆ ಕೊಟ್ಟದ್ದು ನಿಜ. ಮಗುವಿನ ಕಿಡ್ನಿ ಕುಗ್ಗಿ ಗರ್ಭದ ನೀರು ಕಡಿಮೆಯಾಗಬಹುದು ಅಂತ. ಆದರೆ ಯಾವಾಗಲೋ ನುಂಗಿದ ಎರಡು ಮಾತ್ರೆ ಹುಟ್ಟಿ ಹತ್ತನೇ ದಿನ ಕ್ರಿಯಾಟಿನಿನ್ ಏರಿಸುವುದಿಲ್ಲ. ಹುಟ್ಟಿದ ಮೇಲೆ ಇಳಿದು 0.9ಕ್ಕೆ ಬಂದಿತ್ತಲ್ಲ? ಪೆಟ್ಟು ಬಿದ್ದದ್ದು ಆಮೇಲೆ. ಇದನ್ನು ಅಕ್ಕನಿಗೆ ಓದಿ ಹೇಳಿ, ಅಮ್ಮನಿಗೂ.

ಬದಿಯಡ್ಕ_ಭಾವ
ಮಾಡು ಹಾಕದ ಮನೆ. ಇದು ನಮ್ಮ ಭಾಷೆ. ಡಾಕ್ಟ್ರೇ, ನೀವು ಪರೀಕ್ಷೆ ಪಾಸಾಗುತ್ತೀರಿ.

ಪೆರ್ಲದ_ಹುಡುಗ
ಎಲ್ಲ ಹೇಳಿದಿರಿ, ನಮ್ಮ ಕಾಸರಗೋಡು ಜಿಲ್ಲೆಯ ದೊಡ್ಡ ಕಾರಣ ಬಿಟ್ಟಿರಿ. ಎಂಡೋಸಲ್ಫಾನ್! ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಸುರಿದ ವಿಷ ಇನ್ನೂ ನೀರಿನಲ್ಲಿ ಉಂಟು. ಇಲ್ಲಿ ತಿಂಗಳು ತುಂಬದೆ ಹುಟ್ಟಿದರೂ ಅದೇ, ಕಿಡ್ನಿ ಹೋದರೂ ಅದೇ.

ಮುಳ್ಳೇರಿಯ_ಪಿಜಿ
ನಾನೂ ಅದೇ ಮಣ್ಣಿನವನು, ಆ ಮನೆಗಳನ್ನು ನೋಡಿಯೇ ಬೆಳೆದವನು. ಆ ಅನ್ಯಾಯ ಸಣ್ಣದಲ್ಲ. ಆದರೆ ಆಕಾಶದಿಂದ ಸಿಂಪಡಿಸುವುದು ನಿಂತು ಇಪ್ಪತ್ತು ವರ್ಷದ ಮೇಲಾಯಿತು, 2011ರಲ್ಲಿ ಸುಪ್ರೀಂ ಕೋರ್ಟೇ ನಿಷೇಧಿಸಿತು. ಈ ಮಗುವಿನ ಚಾರ್ಟಿನಲ್ಲಿ ಕಣ್ಣೆದುರೇ ನಾಲ್ಕು ಕಾರಣ ಇರುವಾಗ ಐದನೆಯದನ್ನು ಗೇರು ಗುಡ್ಡೆಯಿಂದ ತರುವುದು ಬೇಡ.

ಪೆರ್ಲದ_ಹುಡುಗ
ನೀವೆಲ್ಲ ಹೀಗೇ ಹೇಳಿ ಹೇಳಿಯೇ ನಮ್ಮವರಿಗೆ ಪರಿಹಾರ ತಡವಾದದ್ದು.

ನಿರ್ವಾಹಕ
ಎಂಡೋಸಲ್ಫಾನಿಗೆ ಬೇರೆ ಎಳೆ ಉಂಟು, 300 ಉತ್ತರ ದಾಟಿದೆ. ಅಲ್ಲಿ ಜಗಳ ಮಾಡಿ. ಇಲ್ಲಿ ಒಬ್ಬ ಅಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಓದುತ್ತಿದ್ದಾನೆ.

ತಾಳವಾಡಿ_ತಮ್ಮ
ನಾನು ಈರೋಡ್ ಜಿಲ್ಲೆಯ ಕನ್ನಡದವನು. ನಮಗೆ ಎಲ್ಲಕ್ಕೂ ಚಾಮರಾಜನಗರವೇ ಹತ್ತಿರ, ನಿಮಗೆ ಮಂಗಳೂರು ಇದ್ದ ಹಾಗೆ. ನಮ್ಮ ಅಕ್ಕನ ಮಗು ತಿಂಗಳು ತುಂಬಿಯೇ ಹುಟ್ಟಿದ್ದು, ಆದರೆ ಹುಟ್ಟಿದಾಗ ಅಳಲಿಲ್ಲ. ಅದಕ್ಕೂ ಮೂರನೇ ದಿನ ಕಿಡ್ನಿ ಕೈಕೊಟ್ಟಿತು. ಇದು ತಿಂಗಳು ತುಂಬದವರಿಗೆ ಮಾತ್ರ ಅಂತ ಇಲ್ಲ ಅಲ್ವಾ?

ಮುಳ್ಳೇರಿಯ_ಪಿಜಿ
ಇಲ್ಲ. ಉಸಿರು ಕಟ್ಟಿದಾಗ ದೇಹ ಇರುವ ರಕ್ತವನ್ನೆಲ್ಲ ಮೆದುಳಿಗೆ, ಹೃದಯಕ್ಕೆ ಕಳಿಸುತ್ತದೆ. ಕಿಡ್ನಿಗೆ ಬರ. ಅವೇಕನ್ ಅಂತ ಒಂದು ದೊಡ್ಡ ಅಧ್ಯಯನ 2017ರಲ್ಲಿ ಬಂತು. ನಾಲ್ಕು ದೇಶದ 24 ಎನ್‌ಐಸಿಯು, ಅದರಲ್ಲಿ ಭಾರತವೂ ಇತ್ತು. 2,022 ಮಕ್ಕಳಲ್ಲಿ 605 ಮಕ್ಕಳಿಗೆ, ಅಂದರೆ ನೂರಕ್ಕೆ 30 ಮಕ್ಕಳಿಗೆ ಕಿಡ್ನಿ ಪೆಟ್ಟು. 29 ವಾರ ತುಂಬದವರಲ್ಲಿ 48. 29ರಿಂದ 36 ವಾರದವರಲ್ಲಿ 18. 36 ತುಂಬಿದವರಲ್ಲಿ ಮತ್ತೆ 37.

ಲೆಕ್ಕದ_ಮೇಷ್ಟ್ರು
ತಡೆಯಿರಿ. 48, 18, 37? ವಾರ ಏರಿದಷ್ಟೂ ಇಳಿಯಬೇಕಿತ್ತು. ಕೊನೆಯಲ್ಲಿ ಯಾಕೆ ಏರಿತು?

ಮಂಜೇಶ್ವರ_ಸಿಸ್ಟರ್
ಮೇಷ್ಟ್ರೇ, ತಿಂಗಳು ತುಂಬಿದ ಮಗು ಎನ್‌ಐಸಿಯುಗೆ ಸುಮ್ನೆ ಬರುವುದಿಲ್ಲ. ಆರೋಗ್ಯವಾಗಿದ್ದರೆ ಅಮ್ಮನ ಮಗ್ಗುಲಲ್ಲೇ ಇರುತ್ತದೆ. ನಮ್ಮ ಬಾಗಿಲಿಗೆ ಬರುವುದು ಉಸಿರು ಕಟ್ಟಿದ್ದು, ಹೃದಯದ ತೊಂದರೆಯದ್ದು, ಜೋರು ಇನ್‌ಫೆಕ್ಷನ್ನಿನದ್ದು.

ಲೆಕ್ಕದ_ಮೇಷ್ಟ್ರು
ಸರಿ, ಒಪ್ಪಿದೆ. ಹಾಗಾದರೆ ಊರಿನ ಎಲ್ಲ ಮಕ್ಕಳಿಗೂ ಆ 37ನ್ನು ಅಂಟಿಸಬಾರದು. ಇದನ್ನು ಯಾರಾದರೂ ವಾಟ್ಸಾಪಿನಲ್ಲಿ ಹರಡುವ ಮೊದಲೇ ಹೇಳಿದೆ.

ಕುಂಬಳೆ_ಅಪ್ಪ
ಕೆಫೀನ್ ಪ್ರಶ್ನೆ ಬಾಕಿ.

ಮಂಜೇಶ್ವರ_ಸಿಸ್ಟರ್
ಹೌದು ಅಣ್ಣ, ಕಾಫಿಯದ್ದೇ. ತಿಂಗಳು ತುಂಬದ ಮಕ್ಕಳು ಉಸಿರಾಡುವುದನ್ನು ಮರೆಯುತ್ತಾರೆ. ಕೆಫೀನ್ ಕೊಟ್ಟರೆ ನೆನಪಿಸಿದ ಹಾಗೆ.

ಬದಿಯಡ್ಕ_ಭಾವ
ಮಗು ಹುಟ್ಟಿ ಹನ್ನೊಂದೇ ದಿನಕ್ಕೆ ಕಾಫಿ. ಪಕ್ಕಾ ನಮ್ಮವ.

ಮುಳ್ಳೇರಿಯ_ಪಿಜಿ
ನಗಬೇಡಿ ಭಾವ, ಕಿಡ್ನಿಗೂ ಅದು ಒಳ್ಳೆಯದು ಅನ್ನುವ ಗುಮಾನಿ ಉಂಟು. ಅದೇ ಅವೇಕನ್ ಮಕ್ಕಳಲ್ಲಿ ತಿಂಗಳು ತುಂಬದ 675 ಮಕ್ಕಳನ್ನು ನೋಡಿದಾಗ, ಮೊದಲ ವಾರ ಕೆಫೀನ್ ಸಿಕ್ಕವರಲ್ಲಿ ನೂರಕ್ಕೆ 11 ಮಕ್ಕಳಿಗೆ ಕಿಡ್ನಿ ಪೆಟ್ಟು, ಸಿಗದವರಲ್ಲಿ 32.

ಲೆಕ್ಕದ_ಮೇಷ್ಟ್ರು
ಕೆಫೀನ್ ಕೊಟ್ಟದ್ದು ಯಾರಿಗೆ? ಸ್ವಂತ ಉಸಿರಾಡುವಷ್ಟು ಗಟ್ಟಿ ಇದ್ದವರಿಗೆ ಜಾಸ್ತಿ ಕೊಟ್ಟಿರಬಹುದಲ್ಲ? ಹಾಗಾದರೆ ಕಾಪಾಡಿದ್ದು ಕೆಫೀನಾ, ಅವರ ಗಟ್ಟಿತನವಾ?

ಮುಳ್ಳೇರಿಯ_ಪಿಜಿ
ಆ ಅನುಮಾನ ಸರಿಯಾದದ್ದೇ. ಅದು ನೋಡಿ ಬರೆದ ಅಧ್ಯಯನ, ಚೀಟಿ ಎತ್ತಿ ಕೊಟ್ಟು ಮಾಡಿದ ಪ್ರಯೋಗ ಅಲ್ಲ. ಹಾಗಾಗಿ ಕಿಡ್ನಿಗಾಗಿ ಅಂತಲೇ ಯಾರೂ ಕೊಡುವುದಿಲ್ಲ. ಉಸಿರಿಗಾಗಿ ಕೊಡುತ್ತಾರೆ, ಕಿಡ್ನಿಗೂ ಲಾಭ ಆದರೆ ಆಗಲಿ.

ಹೊಸಂಗಡಿ_ಹೋಟೆಲು
ಮೂತ್ರ ಸರಿಯಾಗಿ ಬಂದರೆ ಕಿಡ್ನಿ ಸರಿ ಉಂಟು ಅಂತ ತಾನೇ ಅರ್ಥ? ಡಯಾಪರ್ ತೂಗಿದರೆ ಸಾಕಲ್ಲ, ದಿನಾ ಸೂಜಿ ಚುಚ್ಚಿ ಆ ಮಗುವಿನ ರಕ್ತ ತೆಗೆಯುವುದು ಎಂತಕ್ಕೆ?

ಮಂಜೇಶ್ವರ_ಸಿಸ್ಟರ್
ಅಲ್ಲೇ ಮೋಸ ಹೋಗುವುದು. ಅಮಿಕಾಸಿನ್, ಜೆಂಟಾಮೈಸಿನ್‌ನಿಂದ ಬೀಳುವ ಪೆಟ್ಟಿನಲ್ಲಿ ಎಷ್ಟೋ ಸಲ ಮೂತ್ರ ಚೆನ್ನಾಗಿಯೇ ಬರುತ್ತದೆ. ಒಳಗೆ ಕ್ರಿಯಾಟಿನಿನ್ ಏರುತ್ತಿರುತ್ತದೆ. ಎರಡೂ ನೋಡಬೇಕು. ಹುಟ್ಟಿದ ಮೊದಲ ಎರಡು ದಿನದ ಕ್ರಿಯಾಟಿನಿನ್ ಅಂತೂ ಮಗುವಿನದ್ದೇ ಅಲ್ಲ, ಅಮ್ಮನಿಂದ ಬಂದದ್ದು. ಹಾಗಾಗಿ ಒಂದು ಸಲ ನೋಡಿ ಏನೂ ಗೊತ್ತಾಗುವುದಿಲ್ಲ, ಏರುತ್ತಿದೆಯಾ ಇಳಿಯುತ್ತಿದೆಯಾ ಅನ್ನುವುದೇ ಮುಖ್ಯ.

ಅಮೆರಿಕದ ಅಲಬಾಮದಲ್ಲಿ ಒಂದು ಘಟಕದವರು ಇದನ್ನೇ ನಿಯಮ ಮಾಡಿಕೊಂಡರು. ಕಿಡ್ನಿಗೆ ಭಾರವಾಗುವ ಮದ್ದು ಒಟ್ಟಿಗೆ ಮೂರು ಆದರೆ, ಅಥವಾ ಕೆಲವು ಮದ್ದು ಕೆಲವು ದಿನ ದಾಟಿದರೆ, ದಿನಾ ಕ್ರಿಯಾಟಿನಿನ್ ನೋಡುವುದು ಮತ್ತು ಯಾವುದನ್ನು ಬಿಡಬಹುದು ಅಂತ ರೌಂಡ್ಸಿನಲ್ಲೇ ಕೇಳುವುದು. ಅಷ್ಟರಲ್ಲೇ ಪೆಟ್ಟು ಬೀಳುವುದು ಕಡಿಮೆಯಾಯಿತು. ಹೊಸ ಯಂತ್ರ ಏನೂ ತಂದದ್ದಲ್ಲ.

ಕುಂಬಳೆ_ಅಪ್ಪ
ಹಾಗಾದರೆ ಇವರು ಎಲ್ಲವನ್ನೂ ಒಟ್ಟಿಗೆ ಕೊಟ್ಟದ್ದು ತಪ್ಪಾ? ನಾಳೆ ಹೋಗಿ ಜಗಳ ಮಾಡಲಾ?

ಉಪ್ಪಳದ_ಅವಳಿಅಮ್ಮ
ಜಗಳ ಬೇಡ ತಮ್ಮಾ. ನಾನೂ ಮಾಡಿದ್ದೆ. ಮಗಳಿಗೆ ಕ್ರಿಯಾಟಿನಿನ್ ಏರಿದ ದಿನ ಡಾಕ್ಟರ ಎದುರು ಕೂಗಾಡಿದೆ. ಅವರು ಕೂಗಾಡಲಿಲ್ಲ. ಒಂದು ಕಾಗದ ತೆಗೆದು ಬರೆದರು: ಇನ್‌ಫೆಕ್ಷನ್ನಿಗೆ ಮದ್ದು ಕೊಡದಿದ್ದರೆ ಏನಾಗುತ್ತದೆ, ಕೊಟ್ಟರೆ ಏನಾಗುತ್ತದೆ. ಮೊದಲ ಸಾಲು ಓದಿಯೇ ನಾನು ಸುಮ್ಮನಾದೆ.

ಆದರೆ ಪ್ರಶ್ನೆ ಕೇಳು. “ಕಲ್ಚರ್ ರಿಪೋರ್ಟ್ ಬಂತಾ? ಬಂದರೆ ಎರಡು ಆಂಟಿಬಯೋಟಿಕ್‌ನಲ್ಲಿ ಒಂದನ್ನು ನಿಲ್ಲಿಸಬಹುದಾ?” ಇದು ಜಗಳ ಅಲ್ಲ. ಕಲ್ಚರ್ ಅಂದರೆ ಯಾವ ರೋಗಾಣು ಅಂತ ನೋಡುವ ಪರೀಕ್ಷೆ. ನಮಗೆ ರಿಪೋರ್ಟ್ ಬಂದ ದಿನವೇ ಒಂದು ನಿಂತಿತು. ಆಮೇಲೆ ಐದು ದಿನ ಮೂತ್ರ ಕಾಯುವುದೇ ಕೆಲಸ. ಒದ್ದೆ ಡಯಾಪರ್‌ಗೆ ಅಷ್ಟು ಖುಷಿ ಪಟ್ಟವರು ಜಗತ್ತಿನಲ್ಲಿ ಆ ಬೆಂಚಿನವರು ಮಾತ್ರ.

ಮುಳ್ಳೇರಿಯ_ಪಿಜಿ
ಅಕ್ಕ ಹೇಳಿದ್ದೇ ಸರಿ. ಅಮಿಕಾಸಿನನ್ನು ಇಷ್ಟು ಸಣ್ಣ ಮಕ್ಕಳಿಗೆ 36 ಅಥವಾ 48 ಗಂಟೆಗೊಮ್ಮೆ ಮಾತ್ರ ಕೊಡುವುದೂ ಇದೇ ಕಾರಣಕ್ಕೆ, ಕಿಡ್ನಿಗೆ ಹೊರಹಾಕಲು ಸಮಯ ಬೇಕು. ಡಯಾಲಿಸಿಸ್ ಅಂತ ಯಾರಾದರೂ ಹೆದರಿಸಿದರೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಹೆಚ್ಚಿನ ಮಕ್ಕಳಿಗೆ ನೀರಿನ ಲೆಕ್ಕ ಬಿಗಿ ಮಾಡಿ, ಬಿಪಿ ಕಾಪಾಡಿ, ಭಾರದ ಮದ್ದು ತೆಗೆದರೆ ಕಿಡ್ನಿ ತಾನೇ ಚೇತರಿಸುತ್ತದೆ.

ಕುಂಬಳೆ_ಅಪ್ಪ
ಕೇಳಿದೆ. ಕಲ್ಚರ್ ಬಂದಿದೆ. ವ್ಯಾಂಕೋಮೈಸಿನ್ ನಿಲ್ಲಿಸಿದ್ದಾರೆ, ಅಮಿಕಾಸಿನ್ ಬದಲು ಬೇರೆ ಕೊಟ್ಟಿದ್ದಾರೆ. ಈ ಸಲ ಡಾಕ್ಟರ್ ಕೂತು ಹತ್ತು ನಿಮಿಷ ಮಾತಾಡಿದರು. ನಿನ್ನೆಯ ಮೂತ್ರ 34.

ತೊಂದರೆ ಬೇರೆ. ಇವತ್ತು ಗಡಿಬಿಡಿಯಲ್ಲಿ ಹಾಲಿನ ಡಬ್ಬಿ ರೈಲಿನಲ್ಲೇ ಬಿಟ್ಟು ಇಳಿದೆ. ನೇತ್ರಾವತಿ ಸೇತುವೆ ದಾಟುವಾಗ ಕೈಯಲ್ಲೇ ಇತ್ತು. ಅವಳು ರಾತ್ರಿ ಎರಡು ಸಲ ಎದ್ದು ಹಿಂಡಿ ಇಟ್ಟ ಹಾಲು. ಇನ್ನೂ ಹೇಳಿಲ್ಲ.

ಬದಿಯಡ್ಕ_ಭಾವ
ಎಂತಾ ಡಬ್ಬಿ, ಯಾವ ಬಣ್ಣ? ನನ್ನ ಭಾವನೆಂಟ ಮಂಗಳೂರು ಸೆಂಟ್ರಲ್ ಸ್ಟೇಷನ್ನಿನಲ್ಲೇ ಇರುವುದು. ಕೇಳಿಸುತ್ತೇನೆ.

ಹೊಸಂಗಡಿ_ಹೋಟೆಲು
ರೈಲು ತಪ್ಪಿದರೆ ಫೋನ್ ಮಾಡಿ. ಬೆಳಿಗ್ಗೆ ನಮ್ಮ ಹಾಲಿನ ಗಾಡಿ ತಲಪಾಡಿ ದಾಟಿ ಹೋಗುತ್ತದೆ, ಡಬ್ಬಿ ಕೊಟ್ಟು ಬರಬಹುದು. 2020ರಲ್ಲಿ ಕೊರೊನಾ ಅಂತ ಅಲ್ಲಿನ ಕೇರಳ-ಕರ್ನಾಟಕ ಗಡಿ ಮುಚ್ಚಿದ್ದಾಗ ಇತ್ತ ಕಡೆಯ ರೋಗಿಗಳು ಪಟ್ಟ ಪಾಡು ನಾವು ಅಂಗಡಿ ಬಾಗಿಲಲ್ಲಿ ನಿಂತು ನೋಡಿದ್ದೇವೆ. ಮಂಗಳೂರು ಇಲ್ಲದಿದ್ದರೆ ನಮಗೆ ಏನೂ ಇಲ್ಲ.

ತಾಳವಾಡಿ_ತಮ್ಮ
ಮನೆಗೆ ಬಂದ ಮೇಲೆ ಏನು ನೋಡಿಕೊಳ್ಳಬೇಕು? ನಮ್ಮ ಅಕ್ಕನಿಗೆ ಯಾರೂ ಏನೂ ಹೇಳಲಿಲ್ಲ. ಕಾಗದವೂ ಸಿಗುತ್ತಿಲ್ಲ.

ಉಪ್ಪಳದ_ಅವಳಿಅಮ್ಮ
ಕಾಗದ ಹುಡುಕಿಸಿ, ಅದು ಚಿನ್ನ. ಡಿಸ್ಚಾರ್ಜ್ ಚೀಟಿಯಲ್ಲಿ “ಕಿಡ್ನಿಗೆ ತೊಂದರೆ ಆಗಿತ್ತು” ಅಂತ ಬರೆಸಿಯೇ ಬರಬೇಕು. ನಾವು ಆರು ತಿಂಗಳಿಗೊಮ್ಮೆ ಬಿಪಿ ನೋಡಿಸುತ್ತೇವೆ. ಮಕ್ಕಳಿಗೆ ಬಿಪಿಯಾ ಅಂತ ಊರಿನ ಕ್ಲಿನಿಕ್ಕಿನಲ್ಲಿ ನಕ್ಕರು. ಸಣ್ಣ ಪಟ್ಟಿ ಇಲ್ಲ ಅಂದರು. ದೊಡ್ಡವರ ಪಟ್ಟಿ ಕಟ್ಟಿದರೆ ಲೆಕ್ಕ ತಪ್ಪುತ್ತದೆ, ಮಕ್ಕಳದ್ದೇ ಬೇಕು.

ಮುಳ್ಳೇರಿಯ_ಪಿಜಿ
ನಗುವಂಥದ್ದಲ್ಲ. 32 ವಾರಕ್ಕೂ ಮೊದಲು ಹುಟ್ಟಿದವರಿಗೆ ಮೂರು ವರ್ಷ ಆಗುವ ತನಕ ಕಾಯದೆ ಬಿಪಿ ನೋಡಬೇಕು ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘದ 2017ರ ಮಾರ್ಗಸೂಚಿಯಲ್ಲೇ ಉಂಟು. ನೆಫ್ರಾನ್ ಕಡಿಮೆ ಇದ್ದರೆ ಇರುವವಕ್ಕೆ ಕೆಲಸ ಜಾಸ್ತಿ, ವರ್ಷಗಳ ಮೇಲೆ ಅವೂ ಸವೆಯುತ್ತವೆ. ಮತ್ತೆ ಜ್ವರಕ್ಕೆ ಅಂಗಡಿಯಿಂದ ಐಬುಪ್ರೊಫೇನ್ ಸಿರಪ್ ತಂದು ಕುಡಿಸಬೇಡಿ. ಪ್ಯಾರಾಸಿಟಮಾಲ್ ಸಾಕು, ತೂಕ ನೋಡಿ. ವಾಂತಿ ಭೇದಿ ಆದರೆ ಬೇಗ ತೋರಿಸಿ.

ನೀರ್ಚಾಲು_ಅಜ್ಜಿಮನೆ
ದೊಡ್ಡವನಾದ ಮೇಲೆ ಸೀಯಾಳ ಕೊಡಬಹುದಾ? ಸುಮ್ನೆ ಕೇಳಿದೆ.

ಮಂಜೇಶ್ವರ_ಸಿಸ್ಟರ್
ಕಿಡ್ನಿ ಸರಿಯಾಗಿ, ಡಾಕ್ಟರ್ ಆಗಬಹುದು ಅಂದ ಮೇಲೆ ನೀವೇ ಕಿತ್ತು ಕೊಡಿ ಅಕ್ಕ.

ಕುಂಬಳೆ_ಅಪ್ಪ
ಹದಿನಾರನೇ ದಿನ. ನಿನ್ನೆಯ ಮೂತ್ರ 70 ಮಿಲಿ. ಕ್ರಿಯಾಟಿನಿನ್ 1.1. ತೂಕ 1,040ಕ್ಕೆ ಇಳಿದಿದೆ. ತೂಕ ಇಳಿದದ್ದಕ್ಕೆ ಖುಷಿ ಪಡುವ ದಿನ ಬರುತ್ತದೆ ಅಂತ ಗೊತ್ತಿರಲಿಲ್ಲ. ಕಣ್ಣು ಬಿಟ್ಟು ನೋಡಿದ. ಇವತ್ತು ಅವಳನ್ನೂ ಕರೆದುಕೊಂಡು ಬಂದಿದ್ದೆ. ಸಿಸ್ಟರ್ ಡಯಾಪರ್ ತೂಗುವಾಗ ಇವಳೇ “ಎಷ್ಟು?” ಅಂತ ಕೇಳಿದಳು. 20 ಗ್ರಾಂ. ಹನ್ನೊಂದು ಕಳೆದು ಒಂಬತ್ತು ಅಂತ ತಾನೇ ಲೆಕ್ಕ ಹಾಕಿದಳು. ನನ್ನ ಅಮ್ಮ ಹಿಂದೆ ನಿಂತಿದ್ದರು, ಏನೂ ಹೇಳಲಿಲ್ಲ. ಬರುವಾಗ ರೈಲಿನಲ್ಲಿ ಇವಳಿಗೆ ಕಿಟಕಿ ಬದಿಯ ಸೀಟು ಬಿಟ್ಟುಕೊಟ್ಟರು.

ಬದಿಯಡ್ಕ_ಭಾವ
ಒಳ್ಳೆಯದಾಯಿತು ಮಾರಾಯ್ರೇ. ಮತ್ತೆ, ಡಬ್ಬಿ ಸಿಕ್ಕಿದೆ. ನೀಲಿ ಮುಚ್ಚಳದ್ದೇ ಅಲ್ವಾ? ತೊಳೆದು ಇಟ್ಟಿದ್ದಾನೆ, ನಾಳೆ ಒಂದನೇ ಪ್ಲಾಟ್‌ಫಾರ್ಮಿನಲ್ಲಿ ಕೊಡುತ್ತಾನಂತೆ.